ಕೊಡಲಿ ಹಿಡಿದ ಕೈ

ಶುಕ್ರವಾರ, 2001ನೇ ಇಸವಿ ಮಾರ್ಚ್ 9. ಬೆಳಿಗ್ಗೆ 10 ಗಂಟೆ 20 ನಿಮಿಷ.

ತುಳಸಿ ಕುಂಡದ ಮಣ್ಣಿನಲ್ಲಿ ಒಂದು ಕೈ ಹೂತಿತ್ತು.

ಬೂದುಗಲ್ಲಿನ ಬಣ್ಣದ ಕೈ. ಉದ್ದ ಅರ್ಧ ಗೇಣು. ಮೊಣಕೈಯಿಂದ ಮುಂದಿನ ಭಾಗ ಮಾತ್ರ ಇತ್ತು. ಬಿಗಿದ ಮುಷ್ಟಿಯೊಳಗೆ ತುಂಡಾದ ಕೊಡಲಿಯ ಕಾವು. ಬೆರಳ ಗೆಣ್ಣುಗಳಿಗೆ ಯಾರೋ ಕುಂಕುಮ ಇಟ್ಟಿದ್ದರು.

ಸತ್ಯವತಿ ಬಾಲ್ಕನಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದರು. ವಿಮಾ ಕಂಪನಿಯ ಪರವಾಗಿ ಎರಡು ವಾರದಿಂದ ಹುಡುಕುತ್ತಿದ್ದ ಉಬ್ಬುಶಿಲ್ಪದ ಮೊದಲ ಚೂರು ಸಿಕ್ಕಿತ್ತು. ಅದೂ ಶಿಲ್ಪವನ್ನು ಕದ್ದನೆಂದು ಪೊಲೀಸರು ಹೇಳುವ ಸಾಗರ್‌ನ ಮನೆಯಲ್ಲೇ, ಸ್ಯಾನ್ ಹೊಸೆಯ ಈ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ.

"ಅದ ಮುಟ್ಬ್ಯಾಡ ಕಣವ್ವ," ಹಿಂದಿನಿಂದ ದನಿ ಬಂತು.

ಸಾಗರ್‌ನ ತಾಯಿ ಹುಚ್ಚಮ್ಮ ಗಾಜಿನ ಬಾಗಿಲ ಬಳಿ ಊದುಕಡ್ಡಿ ಹಿಡಿದು ನಿಂತಿದ್ದರು. ಸೊಸೆಯ ಬಾಣಂತನಕ್ಕೆಂದು ಮಂಡ್ಯದಿಂದ ಬಂದು ಎರಡು ತಿಂಗಳಾಗಿತ್ತು. ಸೀರೆಯ ಮೇಲೆ ಮಗ ಕೆಲಸಕ್ಕಿದ್ದ ಕಂಪನಿಯ ಹೆಸರಿದ್ದ ಸ್ವೆಟ್‌ಶರ್ಟು. ನಾರ್ಡ್‌ವೇ ಡಾಟ್ ಕಾಂ. ಕಂಪನಿ ಮುಚ್ಚಿತ್ತು, ಶರ್ಟು ಉಳಿದಿತ್ತು.

"ಇದು ಎಲ್ಲಿ ಸಿಕ್ತು ಅಮ್ಮ?"

"ಅವುನ್ ವ್ಯಾನಿನ ಹಿಂದ್ಗಡೆ. ಬ್ಯಾರೆದೆಲ್ಲ ಹೋದ ಮ್ಯಾಲೆ ಇದೊಂದು ಉಳ್ಕಂಡಿತ್ತು."

ಒಳಗಿನಿಂದ ಸಾಗರ್ ಓಡಿಬಂದ. ಕುಂಡ ನೋಡಿದ, ತಾಯಿಯನ್ನು ನೋಡಿದ.

"ಅವ್ವಾ! ಇನ್ನೂ ಅದನ್ನ ಇಟ್ಕೊಂಡಿದ್ದೀಯಾ?"

ಅಂದ ಮೇಲೆ ತಾನು ಏನಂದೆ ಎಂದು ಅವನಿಗೆ ಅರಿವಾಯಿತು. ಎರಡು ವಾರದಿಂದ ಅವನು ಎಲ್ಲದಕ್ಕೂ ಉತ್ತರಿಸಿದ್ದ. ಕಂಪನಿಯ ಕೊನೆಯ ದಿನದ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಅಂದು ಸಂಜೆ ಅವನು ಕಂಬಳಿ ಸುತ್ತಿದ ಭಾರವೊಂದನ್ನು ಎದೆಗವಚಿಕೊಂಡು ಹೊರಗೆ ಹೋದದ್ದು ಪಾಲೋ ಆಲ್ಟೋದಲ್ಲಿದ್ದ ಕಂಪನಿ ಕಟ್ಟಡದ ಕ್ಯಾಮೆರಾದಲ್ಲಿ ದಾಖಲಾಗಿತ್ತು.

"ಒಳಗೆ ಬಾ ಸಾಗರ್," ಎಂದರು ಸತ್ಯವತಿ. "ಸೋಮವಾರ ಒಂಬತ್ತಕ್ಕೆ ಕೋರ್ಟು. ಇನ್ನು ಮುಚ್ಚಿಡೋಕೆ ಏನೂ ಉಳಿದಿಲ್ಲ."

ಅಡುಗೆಮನೆಯ ಕಟ್ಟೆಯ ಬಳಿ ಸಾಗರ್‌ನ ಹೆಂಡತಿ ಬಿಂದುಶ್ರೀ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅನ್ನ ತೂಗುತ್ತಿದ್ದಳು. ಏಳು ತಿಂಗಳ ಬಸುರಿ. ಸಕ್ಕರೆ ಏರಿದೆ, ಪ್ರತಿಯೊಂದು ತುತ್ತನ್ನೂ ತೂಗಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಅವಳು ತಿರುಗಿ ನೋಡಲಿಲ್ಲ.

"ಹೇಳಿಬಿಡಿ ರೀ," ಅಂದಳು. "ನನಗಂತೂ ಸಾಕಾಗಿದೆ."

ಸಾಗರ್ ಸ್ಟೂಲಿನ ಮೇಲೆ ಕೂತ.

"ನಾನು ಕದಿಲಿಲ್ಲ ಮೇಡಂ. ಅದು ಒಡೆದಿತ್ತು. ಟ್ರ್ಯಾಶ್ ಆಗಿತ್ತು."

ಸತ್ಯವತಿ ಚೀಲದಿಂದ ಒಂದು ಫೋಟೋ ತೆಗೆದು ಅವನ ಮುಂದಿಟ್ಟರು. 1998ರಲ್ಲಿ, ವಿಮೆ ಮಾಡಿಸುವಾಗ ತೆಗೆದದ್ದು.

ಎರಡಡಿ ಎತ್ತರದ ಬಳಪದ ಕಲ್ಲಿನ ಹಲಗೆ. ತೊಂಬತ್ತು ವರ್ಷದ ಹಿಂದೆ ನಾರ್ವೆಯಿಂದ ವಲಸೆ ಬಂದ ಶಿಲ್ಪಿಯೊಬ್ಬ ನಾವಿಕರ ಪ್ರಾರ್ಥನಾ ಮಂದಿರಕ್ಕಾಗಿ ಕೆತ್ತಿದ್ದು; ಕೊನೆಗೆ ಸಾಗರ್‌ನ ಕಂಪನಿಯ ಲಾಬಿ ಸೇರಿತ್ತು. ಕೆಳಗಿನ ಪಟ್ಟಿಯಲ್ಲಿ ನೆಲದ ಗುಂಡಿಯಲ್ಲಿ ಅಡಗಿ ಕೂತ, ನಾರ್ವೆಯ ಪುರಾಣಕಥೆಯ ತರುಣ ವೀರ ಸಿಗುರ್ಡ್, ಮೇಲೆ ಹರಿದುಹೋಗುವ ಘಟಸರ್ಪದ ಹೊಟ್ಟೆಗೆ ಕತ್ತಿ ಇರಿಯುತ್ತಿದ್ದಾನೆ. ನಡುವಿನ ಪಟ್ಟಿಯಲ್ಲಿ ಎರಡು ಹಕ್ಕಿಗಳು. ಎಲ್ಲಕ್ಕಿಂತ ದೊಡ್ಡದಾದ ಮೇಲಿನ ಪಟ್ಟಿಯಲ್ಲಿ ಗಡ್ಡಧಾರಿ ದೊರೆ, ಸಂತ ಓಲಾಫ್, ಕೈಯಲ್ಲಿ ಕೊಡಲಿ. ಅವನ ಪಾದದಡಿ ಒಂದು ಮೃಗ ಬಿದ್ದಿತ್ತು. ಆ ಮೃಗದ ಮುಖ ಮಾತ್ರ ಸಂತನದೇ ಮುಖ.

ಆ ಮುಖವನ್ನು ಸತ್ಯವತಿ ಎರಡು ವಾರದಿಂದ ನೋಡುತ್ತಿದ್ದರು. ತುಳಿದವನೂ ತುಳಿಸಿಕೊಂಡವನೂ ಒಬ್ಬನೇ ಯಾಕೆ ಎಂಬುದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

"ಹೇಗೆ ಒಡೀತು?"

"ಆಫೀಸ್ ಖಾಲಿ ಮಾಡ್ಬೇಕು ಅಂತ ಸುಘೋಷ್ ಮತ್ತೆ ನಾನು ಗೋಡೆಯಿಂದ ಇಳಿಸ್ತಾ ಇದ್ವಿ. ಅವನ ಕಡೆಯಿಂದ ಸ್ಲಿಪ್ ಆಯ್ತು. ಮೂಲೆ ನೆಲಕ್ಕೆ ಬಡೀತು, ಕೈ ಕಿತ್ತು ಬಂತು, ಮಧ್ಯ ಬಿರುಕು ಬಿಡ್ತು. ಲಾಬೀಲಿ ನಾವಿಬ್ರೇ ಇದ್ದಿದ್ದು. ಬಾಸ್ ಟೋರ್ಸನ್ ಮೇಲೆ ಲಾಯರ್‌ಗಳ ಜೊತೆ ಮೀಟಿಂಗ್‌ನಲ್ಲಿದ್ದ."

ಸುಘೋಷ್ ಕಂಪನಿಯ ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಬೆಂಗಳೂರಿನವನು. ಸಾಗರ್‌ನ ಜೊತೆ ಮೂರು ವರ್ಷ ಒಂದೇ ಟೇಬಲಿನಲ್ಲಿ ಊಟದ ಡಬ್ಬಿ ಬಿಚ್ಚಿದವನು.

"ಆಮೇಲೆ?"

"'ಡಂಪ್‌ಸ್ಟರ್‌ಗೆ ಹಾಕಿಬಿಡು ಮಗಾ, ಬಾಸ್‌ಗೆ ನಾನು ಹೇಳ್ತೀನಿ' ಅಂದ. ನಾನು ಹಿಂದಿನ ಬಾಗಿಲವರೆಗೂ ಎತ್ಕೊಂಡು ಹೋದೆ. ಕಸದ ತೊಟ್ಟಿ ಮುಚ್ಚಳ ತೆಗೆದೆ. ಒಳಗೆ ಪಿಜ್ಜಾ ಡಬ್ಬ, ಕಾಫಿ ಗಸಿ. ಆ ಗಡ್ಡದ ರಾಜ ಕಿರೀಟ ಹಾಕ್ಕೊಂಡು ನನ್ನನ್ನೇ ನೋಡ್ತಾ ಇದ್ದಾನೆ." ಸಾಗರ್ ತಲೆ ತಗ್ಗಿಸಿದ. "ಆಗ್ಲಿಲ್ಲ ಮೇಡಂ. ಯಾರ ದೇವರಾದ್ರೇನು, ಪಿಜ್ಜಾ ಮೇಲೆ ಹಾಕೋಕೆ ಕೈ ಬರ್ಲಿಲ್ಲ. ಮನೆಗೆ ತಂದೆ."

"ತಂದವ್ನು ಸುಮ್ಕೆ ಗೋಡೆಗೆ ಒರಗ್ಸವ್ನೆ, ಮೇಷ್ಟ್ರಮ್ಮ!" ಹುಚ್ಚಮ್ಮ ಮುಂದೆ ಬಂದರು. ಸತ್ಯವತಿ ಹಿಂದೆ ಮೈಸೂರಿನ ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟವರೆಂದು ತಿಳಿದಂದಿನಿಂದ ಅವರಿಗೆ ಅದೇ ಹೆಸರು. "ನಾ ನೋಡ್ದೇಟ್ಗೇ ಗೊತ್ತಾಯ್ತು, ಈರಗಲ್ಲು ಅಂತ. ಕೆಳಗೆ ಕಾದಾಡ್ತಾವ್ನೆ, ಮಧ್ಯದಲ್ಲಿ ಹಕ್ಕಿಗೋಳು ಜೀವ ಕೊಂಡೋಯ್ತಾವೆ, ಮ್ಯಾಲೆ ದೇವ್ರಾಗಿ ನಿಂತವ್ನೆ. ನಮ್ ಹೊಲದ ಬದಿಯಾಗೆ ಇಂಥದ್ದೇ ಐತೆ. ಗಡ್ಡ ಒಂದು ಇಲ್ಲ."

"ಅವ್ವಾ, ಅದು ಕ್ರಿಶ್ಚಿಯನ್ ಸೇಂಟು ಅಂತ ನೂರು ಸಲ ಹೇಳಿದೀನಿ."

"ಯಾರಾರ ಆಗ್ಲಿ. ಸತ್ತು ದೇವ್ರಾಗವ್ನೆ ತಾನೆ? ಭಿನ್ನ ಆದ ಮೂರ್ತಿನ ಬಸುರಿ ಇರೋ ಮನೇಲಿ ಮಡಗ್ತಾರಾ? ಹರಿಯೋ ನೀರ್ಗೆ ಬುಡಾನ ನಡೀ ಅಂದೆ. ಹರಿಯೋ ನೀರು ಅಂದ್ರೆ ಇವ್ನು ಅದ್ಯಾವುದೋ ಕೆಸರುಗುಂಡಿಗೆ ಕರ್ಕಂಡೋದ."

"ಅಲ್ವಿಸೋ," ಎಂದ ಸಾಗರ್. "ಹಳೇ ದೋಣಿಕಟ್ಟೆ ಹತ್ರ. ಮರುದಿನ ಬೆಳಿಗ್ಗೆ. ಹೂವು, ಕಾಯಿ ಎಲ್ಲಾ ಮಾಡಿ ಬಿಟ್ವಿ."

ಸತ್ಯವತಿಯ ಕಣ್ಣ ಮುಂದೆ ಅಲ್ವಿಸೋದ ಕಾಲುವೆ ಬಂತು. ಉಬ್ಬರದಲ್ಲಿ ನೀರು, ಇಳಿತದಲ್ಲಿ ಕಪ್ಪು ಕೆಸರು. ಅಲ್ಲಿಗೆ ಇಳಿದ ಭಾರದ ವಸ್ತು ಎರಡು ವಾರದಲ್ಲಿ ಎಷ್ಟು ಆಳಕ್ಕೆ ಹೋಗಿರುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ.

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ದೇವರು ಒಡೆದಿತ್ತು, ನಮ್ಮಮ್ಮ ತೆಂಗಿನಕಾಯಿ ಒಡೆದು ನೀರಿಗೆ ಬಿಟ್ರು, ಅಂತಾನಾ? ಯಾವ ಜಡ್ಜ್ ನಂಬ್ತಾನೆ? ಅವ್ವ ವಿಸಿಟರ್ ವೀಸಾದಲ್ಲಿದ್ದಾರೆ, ಅವರನ್ನೂ ಎಳೀತಾರೆ. ಸುಘೋಷ್ ಬಂದು ನಿಜ ಹೇಳ್ತಾನೆ ಅಂತ ಕಾದೆ."

"ತಾನು ಅದನ್ನ ಇಳಿಸಲೂ ಇಲ್ಲ, ಅದು ಒಡೆಯಲೂ ಇಲ್ಲ ಅಂತಾನೆ ಅವನು."

"ಗೊತ್ತು."

ಬಿಂದುಶ್ರೀ ಅನ್ನದ ಬಟ್ಟಲನ್ನು ತಕ್ಕಡಿಯಿಂದ ತೆಗೆದು ಬದಿಗಿಟ್ಟಳು. ತಿನ್ನಲಿಲ್ಲ. ಅವಳ ಕೆಲಸವಿಲ್ಲದ ಗಂಡನ ಮೇಲೆ ಸೋಮವಾರ ಕಳ್ಳತನದ ಆರೋಪ ನಿಂತರೆ ಮೊದಲು ಜೈಲು, ನಂತರ ಈ ದೇಶದಿಂದ ಗಡೀಪಾರು. ಮಗು ಮೇ ತಿಂಗಳಲ್ಲಿ.

ಸತ್ಯವತಿ ಎದ್ದು ಬಾಲ್ಕನಿಗೆ ಹೋಗಿ, ಹುಚ್ಚಮ್ಮನ ಕಡೆ ಒಮ್ಮೆ ನೋಡಿ, ಆ ಕೈಯನ್ನು ಮಣ್ಣಿನಿಂದ ಬಿಡಿಸಿಕೊಂಡರು.

ರಾತ್ರಿಯಿಡೀ ಹೊರಗೆ ಇದ್ದದ್ದು. ಪಕ್ಕದಲ್ಲಿದ್ದ ಹಿತ್ತಾಳೆ ದೀಪ ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. ಕೈ ಅಷ್ಟು ತಣ್ಣಗಿರಲಿಲ್ಲ. ಬಿಸಿಲು ಬಿದ್ದಿರಬೇಕು ಎಂದುಕೊಂಡರು. ಬಾಲ್ಕನಿ ಉತ್ತರಕ್ಕಿತ್ತು, ಆ ಕ್ಷಣಕ್ಕೆ ಅದು ಅವರ ಗಮನಕ್ಕೆ ಬರಲಿಲ್ಲ.

ಬರದಿದ್ದುದಕ್ಕೆ ಕಾರಣವಿತ್ತು. ಎರಡು ವಾರದಲ್ಲಿ ಮೊದಲ ಸಲ ಅವರಿಗೆ ದಾರಿ ಕಂಡಿತ್ತು.

"ಕೇಳು ಸಾಗರ್," ಎಂದರು ಒಳಗೆ ಬಂದು. "ಆ ಲಾಬಿಯ ಮರದ ನೆಲದಲ್ಲಿ ಒಂದು ತಗ್ಗಿದೆ. ಅರ್ಧಚಂದ್ರದ ಥರ. ಅದರೊಳಗೆ ಬೂದು ಬಣ್ಣದ ಪುಡಿ ಸಿಕ್ಕಿಕೊಂಡಿತ್ತು. ಅದನ್ನ ನಾನು ಮೊದಲ ದಿನವೇ ನೋಡಿದ್ದೆ, ಅರ್ಥ ಆಗಿರಲಿಲ್ಲ. ಈಗ ಆಯ್ತು. ಶಿಲ್ಪ ಅಲ್ಲೇ ಬಿದ್ದು ಒಡೆದದ್ದು. ಒಡೆದ ವಸ್ತುವನ್ನ ಕಳ್ಳ ಯಾಕೆ ಹೊರುತ್ತಾನೆ? ಒಡೆದದ್ದು ನಿಜವಾದರೆ ಸುಘೋಷ್ ಹೇಳಿದ್ದು ಸುಳ್ಳು. ಆಗ ಇದು ಕಳ್ಳತನವಲ್ಲ, ಅಪಘಾತ."

ಬಿಂದುಶ್ರೀ ಈಗ ತಿರುಗಿದಳು. "ಈ ಒಂದು ಚೂರು ಸಾಕಾ ಮೇಡಂ?"

"ಇದು ಅದೇ ಶಿಲ್ಪದ ಚೂರು ಅಂತ ಸಾಬೀತಾದರೆ ಸಾಕು. ಅದಕ್ಕೂ ದಾರಿ ಇದೆ. ವಿಮೆ ಮಾಡುವಾಗ ಕಲ್ಲಿನ ಸಾಂದ್ರತೆ ಅಳೆದಿದ್ದಾರೆ. ಅಂದರೆ ಒಂದು ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದು. ಆ ಹಲಗೆಗೆ ಎರಡು ಪಾಯಿಂಟ್ ಎಂಟು ಆರು ಬಂದಿತ್ತು. ಬಳಪದ ಕಲ್ಲು ಅಂದರೆ ಅದರ ಆಸುಪಾಸೇ. ಚೂರಿಗೂ ಅದೇ ಬಂದರೆ ಯಾವ ವಕೀಲನೂ ಅಲ್ಲಗಳೆಯೋಕಾಗಲ್ಲ."

"ನೋಡಿದ್ಯಾ," ಹುಚ್ಚಮ್ಮ ಮಗನ ತಲೆಗೆ ಮೆಲ್ಲಗೆ ತಟ್ಟಿದರು. "ಬಿಸಾಕು ಬಿಸಾಕು ಅಂತಿದ್ದೆ. ಗಡ್ಡದಯ್ಯ ತನ್ ಕೈಯ ನಿಂಗೋಸ್ಕರಾನೇ ಬುಟ್ಟೋಗವ್ನೆ."

ಸಾಗರ್ ನಕ್ಕ. ಆ ಮನೆಯಲ್ಲಿ ಸತ್ಯವತಿ ನಗು ಕಂಡದ್ದು ಅದೇ ಮೊದಲು.

ಅವರು ನಲ್ಲಿಯಡಿ ಕುಂಕುಮ ತೊಳೆದರು. ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಚೀಲದಲ್ಲಿ ಸದಾ ಇರುವ ಪುಟ್ಟ ಮಸೂರವನ್ನು ಕಣ್ಣಿಗೊತ್ತಿಕೊಂಡು ಒಡೆದ ಮೈಯನ್ನು ನೋಡಿದರು.

ಬಳಪದ ಕಲ್ಲು ಒಡೆದರೆ ಮೈ ಪದರಪದರವಾಗಿರುತ್ತದೆ, ಮೀನಿನ ಹೊಟ್ಟೆಯಂತೆ ಹೊಳೆಯುತ್ತದೆ. ಇದು ಹೊಳೆಯಲಿಲ್ಲ.

ಮಸೂರವನ್ನು ಸ್ವಲ್ಪ ಸರಿಸಿದರು. ಗುಂಡುಸೂಜಿಯ ತಲೆಯಷ್ಟು ಒಂದು ಕುಳಿ. ಅದರ ಪಕ್ಕ ಇನ್ನೊಂದು. ಎರಡೂ ದುಂಡಗೆ, ನಯವಾಗಿ.

ಗುಳ್ಳೆ.

ಭೂಮಿಯ ಆಳದಲ್ಲಿ ಒತ್ತಡಕ್ಕೆ ಸಿಕ್ಕು ಹುಟ್ಟಿದ ಕಲ್ಲಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಗುಳ್ಳೆ ಬರುವುದು ಸುರಿದು ಗಟ್ಟಿ ಮಾಡಿದ ವಸ್ತುವಿನಲ್ಲಿ.

ಸತ್ಯವತಿ ಮಸೂರ ಕೆಳಗಿಟ್ಟರು. ಹಿತ್ತಾಳೆ ದೀಪ ನೆನಪಾಯಿತು. ಬಿಸಿಲೇ ಬೀಳದ ಉತ್ತರದ ಬಾಲ್ಕನಿ ನೆನಪಾಯಿತು; ಕಲ್ಲಾಗಿದ್ದರೆ ಕೈಯೂ ದೀಪದಷ್ಟೇ ತಣ್ಣಗಿರಬೇಕಿತ್ತು.

"ಸಾಗರ್," ಎಂದರು. ದನಿ ಸಹಜವಾಗಿರಲಿ ಎಂದು ಪ್ರಯತ್ನಪಟ್ಟರು. "ಡಂಪ್‌ಸ್ಟರ್‌ವರೆಗೆ ಇದನ್ನ ಒಬ್ಬನೇ ಎತ್ತಿಕೊಂಡು ಹೋದೆ ಅಂದೆಯಲ್ಲ. ಭಾರ ಇರಲಿಲ್ವಾ?"

"ಅದೇ ತಮಾಷೆ ಮೇಡಂ. ಅಕ್ಟೋಬರ್‌ನಲ್ಲಿ ಎತ್ತಿದಾಗ ಇಬ್ರು ಬೇಕಾಗಿತ್ತು, ಎರಡು ದಿನ ಬೆನ್ನು ಹಿಡ್ಕೊಂಡಿತ್ತು. ಈ ಸಲ ಒಬ್ನೇ ಎತ್ತಿದೆ. ಜಿಮ್ಮಿಗೆ ಸುರಿದ ದುಡ್ಡು ವೇಸ್ಟ್ ಆಗ್ಲಿಲ್ಲ ಅಂದ್ಕೊಂಡೆ."

"ಅಕ್ಟೋಬರ್‌ನಲ್ಲಿ ಯಾಕೆ ಎತ್ತಿದ್ದು?"

"ಲಾಂಚ್ ಪಾರ್ಟೀಲಿ ಯಾರೋ ಅದರ ಮೇಲೆ ವೈನ್ ಚೆಲ್ಲಿದ್ರು. ಕ್ಲೀನಿಂಗಿಗೆ ಕೊಡ್ಬೇಕು, ನಿನ್ನ ವ್ಯಾನ್ ದೊಡ್ಡದು ಅಂತ ಸುಘೋಷ್ ಕೇಳ್ದ. ಸ್ಯಾನ್ ಮಟಿಯೋದಲ್ಲಿ ಒಂದು ಗರಾಜ್ ಥರದ ಜಾಗ. ಇಬ್ರೂ ಸೇರಿ ವ್ಯಾನಿಗೆ ಹಾಕಿದ್ವಿ, ನಾನೊಬ್ನೇ ಡ್ರೈವ್ ಮಾಡ್ಕೊಂಡು ಹೋಗಿ ಕೊಟ್ಟು ಬಂದೆ. ಅಲ್ಲಿದ್ದವನು ಕೈಗಾಡೀಲಿ ಇಳಿಸ್ಕೊಂಡ."

"ವಾಪಸ್ ತಂದವರು ಯಾರು?"

"ನಾನಲ್ಲ. ನೆಕ್ಸ್ಟ್ ಸೋಮವಾರ ಹೋಗಿ ನೋಡಿದ್ರೆ ಗೋಡೆ ಮೇಲಿತ್ತು. ಯಾಕೆ ಮೇಡಂ?"

ಟೋರ್ಸನ್ನೂ ಸುಘೋಷನೂ ಪೊಲೀಸರ ಮುಂದೆ ಬೇರೆಬೇರೆಯಾಗಿ ಒಂದೇ ಮಾತು ಹೇಳಿದ್ದರು. ಗೋಡೆಗೆ ಏರಿದ ದಿನದಿಂದ ಆ ಶಿಲ್ಪ ಅಲ್ಲಿಂದ ಕದಲಿರಲೇ ಇಲ್ಲ, ಎಂದು.

"ಈ ಅಕ್ಟೋಬರ್ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಪೊಲೀಸ್ ಆಫೀಸರ್‌ಗೇ ಹೇಳಿದೀನಿ, ಮೊದಲ ದಿನಾನೇ. ಮುಂಚೆ ಅಷ್ಟು ನಂಬಿ ನನ್ನ ಕೈಗೆ ಕೊಟ್ಟಿದ್ರು ಅಂತ ಗೊತ್ತಾಗ್ಲಿ ಅಂತ. ಟೇಪ್ ಮಾಡ್ಕೊಂಡ್ರು."

ಟೋರ್ಸನ್ ಪ್ರತಿ ಅತಿಥಿಯನ್ನೂ ಆ ಶಿಲ್ಪದ ಮುಂದೆ ನಿಲ್ಲಿಸಿ ಕಥೆ ಹೇಳುತ್ತಿದ್ದನಂತೆ. ಸಿಗುರ್ಡ್ ಸರ್ಪದ ಹೃದಯ ಸುಡುವಾಗ ಬೆರಳಿಗೆ ಬಿಸಿ ತಗುಲಿ ಬಾಯಿಗಿಟ್ಟುಕೊಳ್ಳುತ್ತಾನೆ. ರಕ್ತ ನಾಲಗೆಗೆ ತಾಕಿದೊಡನೆ ಹಕ್ಕಿಗಳ ಮಾತು ತಿಳಿಯುತ್ತದೆ. ನಿನ್ನನ್ನು ಇಲ್ಲಿಗೆ ಕಳಿಸಿದವನೇ ನಿನ್ನನ್ನು ಮುಗಿಸಲು ಕಾದಿದ್ದಾನೆ ಎಂದು ಹಕ್ಕಿಗಳು ಹೇಳುತ್ತವೆ.

ಸಾಗರ್‌ಗೆ ಹೇಳಲು ಹಕ್ಕಿಗಳಿರಲಿಲ್ಲ.

ಬಿಂದುಶ್ರೀ ತಾನಾಗಿಯೇ ತಕ್ಕಡಿ ಒರೆಸಿ ಮುಂದೆ ತಳ್ಳಿದಳು. ಗಾಜಿನ ಬಟ್ಟಲಲ್ಲಿ ನೀರು ತುಂಬಿಸಿ ತಂದಳು. ಹೊಲಿಗೆ ಡಬ್ಬಿಯಿಂದ ದಾರವೂ ಬಂತು. ಅವಳ ಕೈ ಚುರುಕಾಗಿತ್ತು. ಭರವಸೆ ಇದ್ದವರ ಕೈ ಹಾಗಿರುತ್ತದೆ.

ಸತ್ಯವತಿ ಮೊದಲು ಚೂರನ್ನು ಹಾಗೆಯೇ ತೂಗಿದರು. ಇನ್ನೂರ ಹದಿನಾಲ್ಕು ಗ್ರಾಂ.

ನಂತರ ನೀರಿನ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದರು. ಚೂರಿಗೆ ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿದರು. ಈಗ ತಕ್ಕಡಿ ತೋರಿಸುವುದು ಆ ಚೂರಿನಷ್ಟೇ ಗಾತ್ರದ ನೀರಿನ ತೂಕ. ಕಲ್ಲಾಗಿದ್ದರೆ ಎಪ್ಪತ್ತೈದರ ಹತ್ತಿರ ನಿಲ್ಲಬೇಕಿತ್ತು.

ಅಂಕಿಗಳು ಓಡಿದವು. ಎಪ್ಪತ್ತೈದು ದಾಟಿತು. ನೂರು ದಾಟಿತು. ನೂರ ಇಪ್ಪತ್ತೇಳಕ್ಕೆ ನಿಂತಿತು.

ದಾರ ಹಿಡಿದ ಬೆರಳು ಅಲುಗಿರಬಹುದೆಂದು ಎರಡನೇ ಸಲ ಮಾಡಿದರು. ಮೂರನೇ ಸಲವೂ. ಅದೇ.

ಕಲ್ಲಿನ ಪುಡಿ ಬೆರೆಸಿದ ರಾಳವನ್ನು ಅಚ್ಚಿಗೆ ಸುರಿದು ಮಾಡಿದ ಕೈ. ಗಡ್ಡದಯ್ಯನೂ ಅಷ್ಟೇ, ಸರ್ಪವೂ ಅಷ್ಟೇ. ಹೂವು, ಕಾಯಿ ಕೊಟ್ಟು ಈ ಮನೆಯವರು ನೀರಿಗೆ ಬಿಟ್ಟದ್ದು ಒಂದು ನಕಲು. ನಿಜವಾದ ಕಲ್ಲು ಬೇರೆಲ್ಲೋ ಇದೆ. ಅದು ಗೋಡೆ ಬಿಟ್ಟು ಹೊರಗೆ ಹೋದದ್ದಕ್ಕೆ ಇರುವ ಸಾಕ್ಷಿ ಒಂದೇ: ಸಾಗರ್‌ನ ವ್ಯಾನಿನಲ್ಲಿ ಹೋಯಿತೆಂದು ಸಾಗರ್‌ನೇ ಟೇಪಿನಲ್ಲಿ ಹೇಳಿದ್ದು.

ಇನ್ನು ಪೊಲೀಸರು ಹೆಣೆಯುವ ಕಥೆ ಸತ್ಯವತಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಕ್ಟೋಬರಿನಲ್ಲಿ ಇವನೇ ಅಸಲನ್ನು ಒಯ್ದ, ನಕಲು ತಂದಿಟ್ಟ. ಕೊನೆಯ ದಿನ ನಕಲು ಬಿದ್ದು ಒಡೆಯಿತು. ಗುಟ್ಟು ಹೊರಬೀಳುತ್ತದೆಂದು ಅದನ್ನೂ ಇವನೇ ಹೊತ್ತೊಯ್ದು ಕೆಸರಿನಲ್ಲಿ ಹೂತ. ಬೇರೆ ಯಾರೂ ಅದನ್ನು ಮುಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಕಥೆ ಎಲ್ಲೂ ಸಡಿಲವಿರಲಿಲ್ಲ. ಯಾರೋ ಇದನ್ನು ಬಹಳ ಹಿಂದೆಯೇ ಅಳತೆ ತೆಗೆದು ಇವನಿಗಾಗಿಯೇ ಹೊಲಿದಿದ್ದ. ಸುಘೋಷನೋ, ಟೋರ್ಸನ್ನೋ, ಇಬ್ಬರೂ ಸೇರಿಯೋ.

ಚೂರನ್ನು ಕುಂಡಕ್ಕೆ ಮರಳಿಸಿ ಸುಮ್ಮನೆ ಹೋಗಿಬಿಡಬಹುದು. ಆಗ ಶಿಲ್ಪ ಒಡೆದಿತ್ತೆಂಬುದಕ್ಕೂ ಆಧಾರವಿಲ್ಲ. ಕಂಬಳಿ ಹೊತ್ತ ಕಳ್ಳನಾಗಿಯೇ ಅವನು ಸೋಮವಾರ ನಿಲ್ಲುತ್ತಾನೆ. ಚೂರು ಕೊಟ್ಟರೆ ಇನ್ನೂ ದೊಡ್ಡ ಕಳ್ಳ. ಸತ್ಯವತಿ ಎರಡು ದಾರಿಗಳನ್ನೂ ಕೊನೆಯವರೆಗೆ ನಡೆದು ನೋಡಿದರು. ಎರಡೂ ಒಂದೇ ಬಾಗಿಲಿಗೆ ಹೋಗಿ ನಿಂತವು.

ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಬಟ್ಟೆಯ ಮೇಲೆ ಮಲಗಿಸಿದರು.

"ಯಾಕವ್ವಾ ಮುಖ ಹಂಗಾಯ್ತು?" ಹುಚ್ಚಮ್ಮ ಕೇಳಿದರು. "ಕುಂಕುಮ ತೊಳೆದಿದ್ಕಾ? ಅದ್ಕೇನಂತೆ, ಆಮ್ಯಾಲೆ ಇಟ್ರಾಯ್ತು."

ಸಾಗರ್ ಸ್ಟೂಲಿನಿಂದ ಎದ್ದಿದ್ದ. ಇಂಜಿನಿಯರು, ಇನ್ನೂರ ಹದಿನಾಲ್ಕು ಕಂಡಿದ್ದ, ನೂರ ಇಪ್ಪತ್ತೇಳೂ ಕಂಡಿದ್ದ. ಅವನ ತುಟಿಗಳು ಭಾಗಾಕಾರಕ್ಕೆ ತೊಡಗಿ, ನಡುವೆಯೇ ನಿಂತವು.

ಬಿಂದುಶ್ರೀ ಇಬ್ಬರ ಮುಖವನ್ನೂ ನೋಡಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಎಷ್ಟು ಬಂತು ಮೇಡಂ? ಎರಡು ಪಾಯಿಂಟ್ ಎಂಟು ಆರೇ ತಾನೆ?"

"ಒಂದು ಪಾಯಿಂಟ್ ಆರು ಎಂಟು," ಎಂದರು ಸತ್ಯವತಿ.